ಶೇಂಗಾ

ಮೂಗು ಇರೂ ಜಾಗದಾಗ ಒಂದು ಹಸಿ ಗುಂಡಿ ಹೊಲ್ದಾರ,
ಅದೂ ಸಡ್ಲ.
ವರ್ಗ ಆಗಿ ಹೋದ ಎಂಜಿನಿಯರು
ಹಳೇ ಗ್ಯಾಸ್ ಒಲಿ ಜೋಡಿ ಕೊಟ್ಟು ಹೋದ್ರು:
"ಇರ್ಲಿ ಹುಸೇನಪ್ಪಾ, ನಾಲ್ಕು ದಿನ."
ಆರು ಬ್ಯಾಸಗಿ ಆತು.
ಅವರು ಕರಿಯೂ ಹೆಸರಿಗೆ ನಮ್ಮ ನಾಲಗಿ ಹೊಳ್ಳಲಿಲ್ಲ.
ತಾಯಮ್ಮ "ಶೇಂಗಾ" ಅಂದ್ಲು,
ಹೊಳ್ಳಿ ನೋಡ್ತು.

ದಿನಾ ಸಂಜಿಗೆ ಮಾರಿ ನಿರಿಗಿ ಬಿಡಿಸಿ
ಹಸಿ ಹತ್ತಿಲೆ ಒರಸ್ತೀನಿ.
ಹತ್ತಿ ಕರ್ರಗ ಬರ್ತದ.
ನಾ ಪ್ಲಾಂಟಿನ್ಯಾಗ ಎಂಟು ತಾಸು ನುಂಗೂ ಬೂದಿನ
ಇದು ಮನ್ಯಾಗ ಕುಂತು ನುಂಗ್ತದ.
ಒರಸೂ ಮುಂದ ಸುಮ್ಮನ ಕಣ್ಣು ಮುಚ್ತದ,
ಅರಿಷಿಣ ಹಚ್ಚಿಸ್ಕೊಳ್ಳೂ ಮದುಮಗಳ ಹಂಗ.

ಏಪ್ರಿಲ್‌ದಾಗ ಹೊರಗ ಬಿಡೂದು ಬೆಳಗ ಐದಕ್ಕ,
ಅದೂ ನಾ ಮುಂಗೈಲೆ ಡಾಂಬರು ಮುಟ್ಟಿ ನೋಡಿದ ಮ್ಯಾಲ.
"ತೂಕ ಇಳಸ್ರಿ, ಉಸಿರಿಗೆ ಭಾರ" ಅಂದ್ರು ಡಾಕ್ಟರು.
ಹ್ಞೂಂ ಅಂದ ತಾಯಮ್ಮ
ರೊಟ್ಟಿ ಅಂಚು ಸೆರಗಿನ್ಯಾಗ ಮುಚ್ಚಿ ತಿನಸ್ತಾಳ.
ಇಬ್ಬರೂ ನನ್ನ ಕಡಿ ನೋಡಂಗಿಲ್ಲ.

ಊರೂರಿಗೆ ಕರೆಂಟ್ ಮಾಡಿ ಕಳಸೂ ಶಕ್ತಿನಗರದಾಗ
ಕರೆಂಟ್ ಹೋಗ್ತದ.
ಕೂಲರ್ ನಿಂತ ಮ್ಯಾಲ ಇದರ ಗೊರಕಿ ಒಂದ,
ಹಳೇ ಪಂಪು ಗಾಳಿ ಹಿಡಿದಂಗ.
ನಿದ್ದಿ ಕೆಡಸ್ತದ ಅಂತ ಮೊದಲ ಬೈತಿದ್ದೆ.

ಈಗ ಗೊರಕಿ ನಿಂತ್ರ ಎಚ್ಚರ.
ಬಾಯ್ಲರ್ ಮುಂದ ಮುಳ್ಳು ನೋಡೂ ಹಂಗ
ಕತ್ತಲಾಗ ಪಕ್ಕಡಿ ಮ್ಯಾಲ ಕೈ ಇಡ್ತೀನಿ:
ಒಂದು,
ಎರಡು,
ಮೂರಕ್ಕ ಒಂದು ಸೀನು ಸಿಡದು
ನನ್ನ ಮಾರಿ ತುಂಬ.

ತಾಯಮ್ಮ ಮಗ್ಗಲ ಆಗ್ತಾಳ: "ಅದಾಳೇನು?"
"ಅದಾಳ."
ಟಾವೆಲ್ ತೊಯ್ಸಿ ಹಿಂಡಿ ತರಾಕ ಏಳ್ತೀನಿ.