ಹೊಡೀದಂಗ ನಿಂತ್ರ

ಬೆಳಗಾವಿ ಟಿಳಕವಾಡಿಯೊಳಗ ಒಂದು ಖೋಲಿ,
ಗ್ವಾಡಿಗೆಲ್ಲ ಕೌದಿ ಬಡದಿದ್ರು.
ಕಿಟಕಿ ಇಲ್ಲ, ಗಡಿಯಾರ ಇಲ್ಲ.
"ಮುಚಖಂಡೆಪ್ಪಜ್ಜಾರ, ನೀವು ದುರ್ಗಪಾಲ ಕೆಂಚನಾಯ್ಕ,
ದುಡ್ಡಿಗೆ ಕ್ವಾಟಿ ಮಾರಿದಾಂವ.
ಈಗ ನಗರಿ."
ನಕ್ಕೆ.
"ಇನ್ನೊಂದ್ಸಲ. ಈಗ ಎದಿಯೊಳಗ ಕತ್ತಿ ಹೊಕ್ಕೈತಿ."
ಸತ್ತೆ.
ಹನ್ನೊಂದು ನಮೂನಿ ಸತ್ತೆ ಅವತ್ತು:
ಬಾಣಕ್ಕ, ಬೆಂಕಿಗೆ, ಬುರುಜಿನ ಮ್ಯಾಲಿಂದ ಬಿದ್ದು,
ಆನಿ ಕಾಲಾಗ ಒಂದು ಸಲ.
ನಡುವ ಖರೇನ ಕೆಮ್ಮು ಬಂತು.
"ಛಲೋ ಐತಿ, ಇರ್ಲಿ ಬಿಡ್ರಿ" ಅಂದ್ರು.

ಮೂವತ್ತು ವರ್ಷ ಕಂಪನಿ ನಾಟಕದಾಗ
ನಾ ಕೆಟ್ಟಾಂವನ.
ಇಳಕಲ್ಲಾಗ ಒಬ್ಬಾಕಿ ಮುದುಕಿ
ಕಾಲಾಗಿನ ಕಾಲ್ಮರಿ ಕಿತ್ತು ಬೀಸಿದ್ಲು.
ಪದಕದಂಗ ಅದನ್ನ ಮನಿಗೆ ತಂದೆ.
ಶಾಕವ್ವ ತಿರುವಿ ಮುರುವಿ ನೋಡಿ,
"ಇನ್ನೊಂದು ಕಾಲಿಂದೂ ಇಸಗೊಂಡ ಬರಬೇಕಿಲ್ಲ?" ಅಂದಿದ್ಲು.

ಗುಳೇದಗುಡ್ಡದ ನಮ್ಮ ಓಣಿಯೊಳಗ
ಮಗ್ಗದ ಸಪ್ಪಳ ಈಗ ಎಣಿಸಿದ್ರ ನಾಕು.
ಉಳಿದದ್ದೆಲ್ಲ ನಂದ.
ಹುಡುಗೋರ ಮೊಬೈಲಿನ್ಯಾಗ,
ಕಟ್ಟಿ ಮ್ಯಾಲ, ಕಟಿಂಗ್ ಅಂಗಡ್ಯಾಗ, ಹಿತ್ತಲದಾಗ
ನಗತೀನಿ, ಸಾಯತೀನಿ.
ಮಸೂತಿ ಕಡೆಯಿಂದ ಒಬ್ಬ ಕೆಂಚನಾಯ್ಕ ನರಳತಾನ,
ಅಂವ ಮುಗಿಯೂದ್ರಾಗ ಗಿರಣಿ ಹಿಂದ ಇನ್ನೊಬ್ಬ.
ಖಣದ ಅಂಚಿಗೆ ನೂಲು ಕೂಡಸ್ಕೋತ ಕುಂತಾಗ
ಒಮ್ಮೊಮ್ಮೆ ತಿಳಿಯೂದಿಲ್ಲ
ಈ ಕೆಮ್ಮು ನನ್ನ ಎದಿಯಿಂದ ಬಂತೋ
ಯಾವನರ ಕಿಸೇದಾಗಿಂದೋ.

ನಿನ್ನೆ ಸಂಜಿಮುಂದ ಹುಚ್ಚೇಶ ಬಂದ,
ಏಳನೇ ಇಯತ್ತೆ, ಮೂಗು ಒರಸ್ಕೋತ.
"ಅಜ್ಜಾ, ಎಲ್ಲಾರೂ ಕಂಡ ಕೂಡ್ಲೆ ಹೊಡೀತಾರ.
ನಾ ಚಾರ್ಜಿಂಗ್ ವಾಯರ್ ಹುಡಕಾಕ ಹೋಗಿದ್ದೆ
ಆಟ ಹಂಗ ಬಿಟ್ಟು.
ತಿರುಗಿ ಬರೂದ್ರಾಗ ಕೆಂಚನಾಯ್ಕ
ದೀವಟಿಗಿ ಮುಂದ ನಿಂತು
ತನ್ನಷ್ಟಕ್ಕ ತಾನ ಏನೋ ಮಾತಾಡಾಕತ್ತಿದ್ದ."

ನನ್ನ ಕಿವಿಗೆ ಹಿಡಿದ.
ಹೊಡೀದಂಗ ನಿಂತ್ರ ಅಷ್ಟ ಬರತೈತಂತ ಅದು.
ಮೊದಲ ಗಾಳಿ. ಆಮ್ಯಾಲ ನನ್ನ ದನಿ,
ನಾಟಕದ್ದಲ್ಲ, ಹೊಟ್ಟಿಯಿಂದ ಎತ್ತಿದ್ದಲ್ಲ,
ಮನ್ಯಾಗಿಂದು:
"ಏ… ಹಾಲು ಉಕ್ಕೀತು ನೋಡ."

ನೆನಪಾತು. ಅವತ್ತು ಕಡೀಕ ಆ ಮಷೀನ್ ಹಿಂದಿನ ಹುಡುಗಿ
"ಸುಮ್ನ ಏನರ ಅನ್ರಿ ಅಜ್ಜಾರ, ಖಾಲಿ ಜಾಗಾ ತುಂಬಾಕ" ಅಂದಿದ್ಲು.
ಬರಕೊಟ್ಟ ಮಾತು ಮುಗದಿದ್ವು.
ಬಾಯಿಗೆ ಬಂದದ್ದು ಅದೊಂದ.
ಶಾಕವ್ವ ಹೋಗಿ ಆಗ ಮೂರು ತಿಂಗಳ ಆಗಿತ್ತು.

"ಯಾರಿಗೆ ಹೇಳತಾನಜ್ಜಾ ಅಂವ?
ಆ ಕ್ವಾಟಿಯೊಳಗ ಒಲಿನ ಇಲ್ಲ, ಎಲ್ಲಾ ಹುಡಕಿ ಬಂದೆ.
ಮದ್ದಿನ ಮನಿ ಐತಿ, ಕುದರಿ ಲಾಯ ಐತಿ,
ಬಾವಿ ಐತಿ, ನೀರಿಲ್ಲ."

ಲಾಳಿ ಕೆಳಗಿಟ್ಟೆ.
"ದುಡ್ಡಿಗೆ ಕ್ವಾಟಿ ಮಾರಿದಾಂವಗ ಒಲಿ ಯಾಕೋ" ಅಂದೆ.
ಆ ನಗಿ ನಗಬೇಕಂದೆ,
ಗಂಟಲದಾಗ ಸಿಗಲಿಲ್ಲ ಅದು.

ಹುಡುಗ ಮನಿಗೆ ಹೋಗಲಿಲ್ಲ.
ಕಟ್ಟಿಗಾತು ಕುಂತು, ಮೊಣಕಾಲ ಮ್ಯಾಲ ಮೊಬೈಲ್ ಇಟ್ಕೊಂಡು,
ಕತ್ತಿ ಎತ್ತದಂಗ,
ಇನ್ನೊಂದ್ಸಲ ಅಂತಾನೇನಂತ ಕಾಯಾಕತ್ತ.
ನಾನೂ ಬಗ್ಗಿದೆ.
ಚಾರ್ಜು ನೂರಕ್ಕ ನಾಕ ಉಳಿದಿತ್ತು.