ಒಳ್ಳೆ ತಗಡು

ರಾತ್ರಿ ಎರಡಕ್ಕೆ ಬಾಗಿಲು ಬಡಿದರು.
ಕತ್ತರಿ ತಗೊಂಡು ಬಾ ತೊಕ್ತೊಸುನ್, ಅಂದರು.
ಯಾವ ಕತ್ತರಿ ಎಂದು ಕೇಳಬೇಕಿರಲಿಲ್ಲ,
ಈ ಊರಲ್ಲಿ ತಗಡು ಕತ್ತರಿಸುವವನು ನಾನೊಬ್ಬನೇ.

ಓಶ್ ವಿಮಾನ ನಿಲ್ದಾಣದಿಂದ ವ್ಯಾನು ಬಂದಿತ್ತು,
ಕಣಿವೆ ಹತ್ತಿ, ಹಿಮ ಗಟ್ಟಿಯಾದ ತಿರುವುಗಳಲ್ಲಿ
ಚಕ್ರಕ್ಕೆ ಸರಪಳಿ ಸುತ್ತಿಕೊಂಡು.
ಡ್ರೈವರ್ ಎಂಜಿನ್ ನಿಲ್ಲಿಸಿರಲಿಲ್ಲ.
ಇಳಿಸಿದೊಡನೆ ಮುಂದಿನ ಊರಿಗೆ ಹೋಗಬೇಕಂತೆ,
ಅಲ್ಲಿಗೂ ಒಂದು ಇದೆಯಂತೆ.

ಪೆಟ್ಟಿಗೆಯ ಮೇಲೊಂದು ಚೀಟಿ: ತೂಕ ನೂರ ಹದಿನಾರು ಕಿಲೊ.
ಆಶಿರ್‌ಬೈ ಅದನ್ನು ಟಾರ್ಚಿನಲ್ಲಿ ಎರಡು ಸಲ ಓದಿದ.
ನನ್ನ ಮಗಳು ಐವತ್ತೂ ಇರಲಿಲ್ಲ, ಅಂದ,
ಸಂತೆಯಲ್ಲಿ ತಕ್ಕಡಿಯವನ ಜೊತೆ ಜಗಳಕ್ಕೆ ನಿಂತವನ ಹಾಗೆ.
ಇನ್ನೊಂದು ಕಾಗದದಲ್ಲಿ ಸಾವಿನ ಕಾರಣ: ಹೃದಯ ನಿಂತದ್ದು.
ಯಾರ ಸಾವಲ್ಲಿ ಅದು ನಿಲ್ಲದೆ ಉಳಿದಿದೆ?

ಅಂಗಳದಲ್ಲಿ ಸಂಜೆಯೇ ಕಂಬಳಿ ಗುಡಾರ ಎದ್ದಿತ್ತು.
ಸತ್ತವರು ಒಂದು ರಾತ್ರಿಯಾದರೂ ಅದರೊಳಗೆ ಮಲಗಬೇಕು,
ಹೆಂಗಸರು ಗೋಡೆಗೆ ಮುಖ ಮಾಡಿ ಹಾಡಿ ಅಳಬೇಕು,
ಗಂಡಸರು ಹೊರಗೆ ಕೋಲಿಗೆ ಬಾಗಿ ನಿಂತು
ಬಂದವರಿಗೆಲ್ಲ ಕೇಳುವಂತೆ ಗೋಳಿಡಬೇಕು.
ಎಲ್ಲ ಸಿದ್ಧವಿತ್ತು. ಬಾಗಿಲಿಗಿಂತ ಪೆಟ್ಟಿಗೆ ದೊಡ್ಡದಿತ್ತು.

ಮಾಸ್ಕೋದವರಿಗೆ ನಮ್ಮ ಬಾಗಿಲ ಅಳತೆ ಹೇಗೆ ಗೊತ್ತಾಗಬೇಕು.

ಮರದ ಹಲಗೆ ತೆಗೆದರೆ ಒಳಗೆ ಸತುವಿನ ತಗಡು,
ಸುತ್ತ ಬೆಸುಗೆ. ಅಚ್ಚುಕಟ್ಟು ಕೆಲಸ, ಸುಳ್ಳು ಹೇಳಬಾರದು.
ಅಂಚು ಮುಟ್ಟಿ ನೋಡಿದೆ: ಅರ್ಧ ಮಿಲಿಮೀಟರ್.
ಈ ದಪ್ಪ ನನಗೆ ಗೊತ್ತು.
ಎರಡು ಬೇಸಿಗೆಯ ಹಿಂದೆ ಇದೇ ದಪ್ಪದ ಅರವತ್ತೆರಡು ಹಾಳೆ
ಇದೇ ಮನೆಯ ಮಾಡಿಗೆ ಜಡಿದಿದ್ದೆ,
ಮೀರಿಮ್ ಕಳಿಸಿದ ದುಡ್ಡಿನಲ್ಲಿ.
ಇಲ್ಲಿ ಫೋನನ್ನು ಏಣಿಗೆ ಕಟ್ಟಿಸಿ,
ಅಲ್ಲಿ ಆಸ್ಪತ್ರೆಯ ಮೆಟ್ಟಿಲ ಕೆಳಗೆ ಕೂತು,
ನೆಲ ಒರೆಸುವ ಕೋಲು ಭುಜಕ್ಕೆ ಒರಗಿಸಿ
ನನ್ನ ಕೆಲಸ ನೋಡುತ್ತಿದ್ದಳು:
ಬೈಕೆ, ಆ ಮೂಲೆಯಲ್ಲಿ ಮೊಳೆ ಕಮ್ಮಿಯಾಯ್ತು,
ಬೈಕೆ, ಗಾಳಿ ಎಬ್ಬಿಸೀತು, ಇನ್ನೊಂದು ಹೊಡಿ.
ಒಂದು ಸಂಜೆ ರೇಗಿ ಬೈದುಬಿಟ್ಟೆ.
ನೀನೇ ಬಂದು ಮಲಗು ನಿನ್ನ ತಗಡಿನ ಕೆಳಗೆ,
ಸೋರಿದರೆ ಆಗ ಹೇಳು, ಅಂದೆ.
ನಕ್ಕಳು.

ಹೆಣ್ಣಿನ ಮೈಯನ್ನು ಹೆಂಗಸರೇ ತೊಳೆಯಬೇಕು.
ಝಿಪಾರ್ ಅಜ್ಜಿ ಸುತ್ತ ಹಗ್ಗ ಕಟ್ಟಿಸಿ ರತ್ನಗಂಬಳಿ ಇಳಿಬಿಟ್ಟಳು,
ನನ್ನೊಬ್ಬನನ್ನು ಒಳಗೆ ಬಿಟ್ಟು ಹೇಳಿದಳು:
ಕತ್ತರಿಸು. ನೋಡಬೇಡ.

ಮೂವತ್ತು ವರ್ಷದ ಕಸುಬು. ನೋಡದೆ ಎಂದೂ ಕತ್ತರಿಸಿದ್ದಿಲ್ಲ.
ತಲೆಯ ಕಡೆ ಉಳಿಯಿಂದ ಒಂದು ತೂತು ಕೊರೆದು
ಮುಖವನ್ನು ಬೆಟ್ಟದತ್ತ ತಿರುಗಿಸಿ
ಎಡಗೈ ಬೆರಳಲ್ಲಿ ಬೆಸುಗೆಯ ಗೆರೆ ಹಿಡಿದು
ಬಲಗೈಯಲ್ಲಿ ಕತ್ತರಿ ನಡೆಸಿದೆ,
ಕುರುಡ ಗೋಡೆ ಸವರಿ ನಡೆದ ಹಾಗೆ.
ಇದು ಹೆಗಲಿರಬೇಕು. ಇದು ಮೊಣಕೈ.
ಕತ್ತರಿಯ ಮೂತಿ ಮೇಲಕ್ಕೇ ಇರಲಿ, ಮೇಲಕ್ಕೇ ಇರಲಿ.
ಸತ್ತವರಿಗೆ ನೋಯುವುದಿಲ್ಲವೆಂದು ಕೈಗೆ ಯಾರು ಹೇಳಬೇಕು?
ಪಾದದ ಹತ್ತಿರ ತಗಡು ನನ್ನ ಹೆಬ್ಬೆರಳನ್ನು ಸೀಳಿತು.
ಒಳಗಿನಿಂದ ಎದ್ದ ವಾಸನೆ ಸಾವಿನದಲ್ಲ,
ಆಗ ತಾನೇ ಒರೆಸಿದ ಆಸ್ಪತ್ರೆ ನೆಲದ್ದು.

ಹೊರಗೆ ಬಂದು ಹಿಮದೊಳಗೆ ಬೆರಳು ಒತ್ತಿ ನಿಂತೆ.
ಬೆನ್ನ ಹಿಂದೆ ನೀರು ಸುರಿಯುವ ಸದ್ದು, ತಂಬಿಗೆ ತಾಗುವ ಸದ್ದು.
ಆಮೇಲೆ ನಾಲ್ವರು ಹೆಂಗಸರು ಅವಳನ್ನೆತ್ತಿ
ಆ ಸಣ್ಣ ಬಾಗಿಲೊಳಗೆ ಒಯ್ದರು.
ಎಲ್ಲೂ ತಾಗಲಿಲ್ಲವಂತೆ.

ನನಗಿಂತ ಮೊದಲು ಹುಟ್ಟಿದ ಮೂವರು ಉಳಿಯಲಿಲ್ಲವೆಂದು
ತೊಕ್ತೊಸುನ್ ಎಂದು ಹೆಸರಿಟ್ಟರು ನನಗೆ. ನಿಲ್ಲಲಿ, ಎಂದರ್ಥ.
ನಿಂತೆ. ಗಂಡಸರ ಸಾಲಿನಲ್ಲಿ, ಕೋಲು ಹಿಡಿದು.

ಬೆಳಗಾದ ಮೇಲೆ ಆಶಿರ್‌ಬೈ ಆ ತಗಡನ್ನು
ಕುರಿಕೊಟ್ಟಿಗೆಯ ಗೋಡೆಗೆ ಒರಗಿಸಿ, ಏನು ಮಾಡಲಿ ಇದನ್ನು, ಅಂದ.
ಒಳ್ಳೆ ತಗಡು, ಅಂದೆ. ಬಾಯಿಂದ ಬಂದುಬಿಟ್ಟಿತು.
ಅವನು ತಲೆಯಾಡಿಸಿದ.
ಮಾಡಿನ ಹಿಮ ಬಿಸಿಲಿಗೆ ಸಡಿಲಾಗಿ ಜಾರುತ್ತಿತ್ತು.
ಕೊಟ್ಟಿಗೆಗೆ ಬೇಡ, ಅಂದ.
ಬಹಳ ಹೊತ್ತಿನ ಮೇಲೆ,
ಕೊಟ್ಟಿಗೆ ಸೋರುತ್ತದೆ, ಅಂದ.