ಆರು ಪಾಯಿಂಟಿನ ಅಕ್ಷರ

ಮೊದಲ ಹೇಳಿಬಿಡತೀನಿ, ನಾನು ಮನಸೋತದ್ದು
ಕಾರಿಗಲ್ಲ, ಅದರ ಪುಸ್ತಕಕ್ಕ.
ಮುನ್ನೂರು ಜಿ.ಎಸ್.ಎಂ. ಆರ್ಟ್ ಪೇಪರು,
ಕರೀ ನೆಲದ ಮ್ಯಾಲೆ ಕರೀ ಕಾರು,
ಬೆರಳಾಡಿಸಿದ್ರ ಕಾರಿನ ಮೈಯಷ್ಟ ನುಣುಪು.
ಮೂವತ್ತೊಂದು ವರ್ಷ ಬೆಟಗೇರಿಯೊಳಗ
ಲಗ್ನಪತ್ರಿಕಿ ಹೊಡದ ಕೈ ಇದು,
ಇಂಥಾ ಕಪ್ಪು ಒಂದಿನಾನೂ ಕೂಡಿ ಬಂದಿಲ್ಲ.

ಹುಬ್ಬಳ್ಳಿ ಗೋಕುಲ ರೋಡಿನ ಶೋರೂಮಿನ್ಯಾಗ
ಬಾಗಲಾ ಹಾಕಿದ್ರ ಸಪ್ಪಳ ಆಗಲಿಲ್ಲ.
ಕೇಳಿದ್ದು ಒಂದು ಉಸರು, ಅದೂ ನಂದ.
ದರ್ಜಿ ಅಳತಿ ತಗೊಂಡಂಗ
ಸೀಟು ಬೆನ್ನ ಹಿಡಕೊಂಡು ನೋಡಿತು.
ಹಿಂದ ಚನ್ನಬಸಮ್ಮ
ಚಪ್ಪಲಿ ಹೊರಗ ಬಿಟ್ಟು ಕುಂತಿದ್ಲು.
ಟೈ ಕಟ್ಟಿದ ಹುಡುಗ ನೋಡಿ ನಗಲಿಲ್ಲ,
ಅವರವ್ವನೂ ಹಿಂಗ ಬಿಡತಾಳ ಕಾಣತೈತಿ.

"ಎಂಬತ್ನಾಕು ಕಂತು ಸರ್, ಭಾರ ಗೊತ್ತಾಗೂದಿಲ್ಲ."
ಎಂಬತ್ನಾಕು.
ಏಳು ಲಗ್ನಸರಾಯಿ ಎಣಿಸಿದೆ ಮನಸಿನ್ಯಾಗ:
ತಿಂಗಳಿಗೆ ಎಂಟು ಸಾವಿರ ಪತ್ರಿಕಿ ಬರೇ ಅದಕ್ಕಂತ ಹೊಡೀಬೇಕು.
ಆಷಾಢದಾಗ? ಆಷಾಢದಾಗ ಯಾರು ಮದಿವಿ ಆಗತಾರ?
ಈಗಂತೂ ಮಂದಿ ಕರಿಯೂದ ವಾಟ್ಸಾಪಿನ್ಯಾಗ.

ಕಾಗದಾ ಕೊಟ್ಟ. ಓದಾಕ ಕುಂತೆ.
ಪ್ರೂಫ್ ತಿದ್ದವರ ಚಟ ಅದು,
ದೊಡ್ಡ ಅಕ್ಷರ ಬಿಟ್ಟು ಸಣ್ಣದರಾಗ ಹುಡುಕೂದು.
ಕೆಳಗ, ಅಂಚಿಗೆ ಹತ್ತಿ, ಆರು ಪಾಯಿಂಟಿನ್ಯಾಗ
ಪ್ರೊಸೆಸಿಂಗ್ ಫೀ ಮಲಕೊಂಡಿತ್ತು,
ಅದರ ಮಗ್ಗಲಕ, ಮೊದಲ ತೀರಿಸಿದ್ರ
ನೂರಕ್ಕ ಐದರಂಗ ದಂಡ.
ಸಾಲ ತೀರಿಸಿದ್ದಕ್ಕ ದಂಡ!
ಚನ್ನಬಸಮ್ಮಗ ಓದಿ ಹೇಳಿದೆ.
"ಸತ್ರ?" ಅಂದ್ಲು.
"ಅದಕ್ಕ ಬ್ಯಾರೆ ಇನ್ಶೂರನ್ಸ್ ಐತ್ರಿ ಅಮ್ಮಾರ,
ಕಂತಿನ್ಯಾಗ ಕೂಡಿಸಿಬಿಡೂಣು," ಅಂದ ಹುಡುಗ.

ರಸ್ತಾದ ಆಚೀಕಡೆ ಇನ್ನೊಂದು ಶೋರೂಮು.
ಅಲ್ಲಿ ಕಾರಿಗಿಂತ ಮಂದಿ ಹೆಚ್ಚು.
ಪುಸ್ತಕ ತೊಂಬತ್ತು ಜಿ.ಎಸ್.ಎಂ.,
ಕೆಂಪು ಒಂದೆಳಿ ಸರದು ಕುಂತೈತಿ,
ನಮ್ಮ ಮೌಲಾಲಿ ಹಿಂಗ ಹೊಡದಿದ್ರ ಬೈತಿದ್ದೆ.
ಬಾಗಲಾ ಹಾಕಿದ್ರ ಅವಲಕ್ಕಿ ಡಬ್ಬಿ ಮುಚ್ಚಿದ ಸಪ್ಪಳ.
ಚನ್ನಬಸಮ್ಮ ಈ ಸಲ ಚಪ್ಪಲಿ ಬಿಡಲಿಲ್ಲ,
ಡಿಕ್ಕಿ ತಗಸಿ ಮೊಳಾ ಹಾಕಿ ನೋಡಿದ್ಲು:
ಪತ್ರಿಕಿ ಬಂಡಲ್ ಹದಿನಾರು, ಮ್ಯಾಲೆ ಅತ್ತಿಯ ವಾಕರ್.

ಭಿಶಿ ಎತ್ತಿದ ಎರಡು ಲಕ್ಷ ಆಕೀದು.
ಅಪ್ಪನ ಟ್ರೆಡಲ್ ಮಷಿನ್ ತೂಕಕ್ಕ ಹಾಕಿ ಬಂದದ್ದು ನಂದು.
ಉಳದದ್ದು ಮೂವತ್ತಾರು ಕಂತು, ನಮ್ಮ ಓಣಿ ಸೊಸಾಯ್ಟಿಯೊಳಗ.
ಸೆಕ್ರೆಟರಿ ಮಗಳ ಪತ್ರಿಕಿ ನಾವ ಹೊಡದಿದ್ವಿ
ಅನ್ನೂದು ಬಡ್ಡಿಯೊಳಗ ಒಂದು ಪೈಸಾ ಇಳಸಲಿಲ್ಲ.

ಸುಳ್ಳು ಯಾಕ, ಆ ಕರೀ ಪುಸ್ತಕ
ಇನ್ನೂ ಪ್ರೆಸ್ಸಿನ ಡ್ರಾದಾಗೈತಿ.
ಕರೆಂಟ್ ಹೋದಾಗ ತಗದು
ಬೆರಳಾಡಸತೀನಿ.

ಮೊನ್ನೆ ಅಣ್ಣಿಗೇರಿಯೊಳಗ ಒಂದು ಮದಿವಿ, ಪತ್ರಿಕಿ ನಮ್ಮವ.
ಊಟಾ ಮುಗಿಸಿ ಹೊರಗ ಬಂದ್ರ
ಮಂಟಪದ ಮುಂದಿನ ಬಯಲಿನ್ಯಾಗ ಹನ್ನೊಂದು ಬಿಳೀ ಕಾರು,
ಒಂದ ಪ್ಲೇಟಿನ್ಯಾಗ ಹೊಡದ ಪ್ರತಿಗಳಂಗ.
ಧೋತ್ರದವರೊಬ್ಬರು ನಮ್ಮ ಬಾಗಲಕ್ಕ
ತಮ್ಮ ಕೀಲಿ ಹಾಕಿ ತಿರುವಾಕ ಹತ್ತಿದ್ರು.
"ಅದು ನಮ್ಮದ್ರೀ."
ನಾಚಿ ಸರದ್ರು. ಎಲಿ ಅಗಿಯೂದು ನಿಲ್ಲಿಸಿ ಕೇಳಿದ್ರು,
"ನಿಮ್ಮವು ಎಷ್ಟ ಉಳದಾವ?"
"ಮೂವತ್ತೊಂದು."
"ನಮ್ಮವು ನಾಕ," ಅಂದ್ರು,
ಮಗಳ ಲಗ್ನ ಗೊತ್ತಾದ ಸುದ್ದಿ ಹೇಳಿದಂಗ.

ನಾನು ಕೀಲಿ ಒತ್ತಿದೆ.
ಮುಂದಿದ್ದ ಕಾರು ಸುಮ್ಮನ ನಿಂತಿತ್ತು.
ಅಲ್ಲೆ, ಬೇವಿನ ಗಿಡದ ಬುಡಕ್ಕ,
ಇನ್ನೊಂದು ಕಣ್ಣ ಹೊಡೀತು.
ಅದರ ಮಗ್ಗಲಕ ಚನ್ನಬಸಮ್ಮ
ಬಂದು ನಿಂತು ಎಷ್ಟೊತ್ತಾಗಿತ್ತೋ.